ಪಂಚಮಿಗೆ ಕರೆಯಲು ಬಂದ ವಿಮಾನ

ಅಣ್ಣನ ಮುಖ ನೆನಪಾಗುತ್ತಿಲ್ಲ ಎಂಬುದನ್ನು ಪುಷ್ಪಲತಾ ತನಗೆ ತಾನೇ ಒಪ್ಪಿಕೊಂಡದ್ದು ವಿಮಾನ ನಿಲ್ದಾಣದ ತಗಡಿನ ಸೂರಿನ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಾಗ. ಮೀಸೆ ನೆನಪಿತ್ತು. ಮಾತಾಡುತ್ತ ಮಾತಾಡುತ್ತ ಕಿವಿಯ ಹಿಂದೆ ಕೆರೆದುಕೊಳ್ಳುವ ಬೆರಳು ನೆನಪಿತ್ತು, ಅಂಗಿಯ ಕಿಸೆಯಲ್ಲಿರುವ, ಎಷ್ಟು ಒಗೆದರೂ ಮೆಣಸಿನಕಾಯಿಯ ಘಾಟು ಬಿಡದ ಕರವಸ್ತ್ರವೂ ನೆನಪಿತ್ತು. ಆದರೆ ಅವೆಲ್ಲ ಕೂಡಿ ಒಂದು ಮುಖವಾಗುತ್ತಿರಲಿಲ್ಲ. ಮದುವೆಯಾಗಿ ಈ ದ್ವೀಪಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲೇ ಒಡಹುಟ್ಟಿದವನ ಮುಖ ಮರೆಯುತ್ತದೆಯೇ? ಅಥವಾ ಇದು ಏನಾದರೂ ಸೂಚನೆಯೇ? ಆಕಾಶದಲ್ಲಿರುವ ಮನುಷ್ಯನ ಮುಖ ಹೀಗೆ ಅಳಿಸಿಹೋದರೆ ಅದಕ್ಕೆ ಏನರ್ಥ? ಅವಳು ಕಣ್ಣು ಮುಚ್ಚಿದಳು. ಮುಚ್ಚಿದರೆ ಗಾಳಿಯ ಸದ್ದು ಹೆಚ್ಚಾಯಿತು. ತೆರೆದಳು. ಎದುರಿಗೆ ವಿಮಾನದ ಓಡುದಾರಿ, ಅದರ ಈ ತುದಿಗೆ ಸಮುದ್ರ, ಆ ತುದಿಗೂ ಸಮುದ್ರ. ಕಂಬದ ಮೇಲೆ ಗಾಳಿಯ ದಿಕ್ಕು ಹೇಳುವ ಗಾಳಿಚೀಲ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹೊರಳುತ್ತ, ಯಾವ ಕಡೆ ತೋರಿಸಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು.

ರಾಣೆಬೆನ್ನೂರಿನಲ್ಲಿ ಅತ್ತೆ ಸಿದ್ದವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು, ನನ್ನ ಮಗಾ ಏರೋಡ್ರಾಮಿನ್ಯಾಗ ಅದಾನ, ಅವನ ಮಾತಿಲ್ದ ಅಲ್ಲಿ ವಿಮಾನ ಇಳಿಯೂದಿಲ್ಲ ಎಂದು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪುಷ್ಪಲತಾಳ ಗಂಡ ವೀರೇಂದ್ರ ನಿಲ್ದಾಣದ ಬೆಂಕಿ ಆರಿಸುವ ಗಾಡಿಯವನು. ಗಾಡಿ ಹೊರಗೆ ಬಂದು ನಿಲ್ಲದೆ ವಿಮಾನ ಇಳಿಯುವಂತಿರಲಿಲ್ಲ. ಬೆಳ್ಳಿಯ ಬಣ್ಣದ ದಪ್ಪ ಅಂಗಿ ತೊಟ್ಟು, ಗಾಡಿಯ ಬಾಗಿಲಿಗೆ ಒರಗಿ, ಬೀಳದೇ ಇರುವ ವಿಮಾನಕ್ಕಾಗಿ ಕಾಯುವುದು ಅವನ ಕೆಲಸ. ಸಂಜೆ ಮನೆಗೆ ಬಂದು ಕೈಕಾಲು ತೊಳೆಯುತ್ತ, "ಇವತ್ತೂ ಏನೂ ಸುಡಲಿಲ್ಲ ನೋಡ, ಸಂಬಳ ಸುಮ್ನ" ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಕ್ಕು ಒಲೆಯ ಕಡೆ ತಿರುಗಿದ ಮೇಲೆ ಅವಳಿಗೆ ಬೇರೆಯೇ ಯೋಚನೆ ಬರುತ್ತಿತ್ತು. ಕಾಯುವವರನ್ನು ಇಟ್ಟಿದ್ದಾರೆ ಎಂದರೆ ಬೀಳುವುದು ಇದ್ದೇ ಇದೆ ಎಂದಲ್ಲವೇ? ಇದನ್ನು ಗಂಡನಿಗೆ ಹೇಳಲು ಅವಳಿಂದ ಆಗಿರಲಿಲ್ಲ. ಬಿ.ಎ. ಪಾಸಾದವಳು, ಹಾವೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಕಲಿತವಳು. ಅಂಜುತ್ತೇನೆ ಎಂದರೆ ಅವನು ನಗದೇ ಇರಬಹುದು, ಮುದ್ದು ಮಾಡಿ ಸಮಾಧಾನವನ್ನೂ ಹೇಳಬಹುದು. ಅದೇ ಅವಳಿಗೆ ಬೇಡವಾಗಿತ್ತು.

ಅಣ್ಣ ಬರುವ ವಿಮಾನದಲ್ಲೇ ಅವನೊಡನೆ ತವರಿಗೆ ಹೊರಟವಳನ್ನು ಬೆಳಿಗ್ಗೆ ತೂಗಿದ್ದರು. ವಿಮಾನ ಸಣ್ಣದು, ಅದಕ್ಕೇ ಹೋಗುವವರನ್ನೂ ಅವರ ಚೀಲಗಳನ್ನೂ ಒಂದೇ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ವೀರೇಂದ್ರ ಇದನ್ನು ಮೊದಲೇ ಹೇಳಿರಲಿಲ್ಲ. ಹೇಳುವಂಥದ್ದು ಅನ್ನಿಸಿರಲಿಲ್ಲವೋ ಏನೋ. ಗುಮಾಸ್ತ ಮುಳ್ಳು ನೋಡಿ ಎಲ್ಲರಿಗೂ ಕೇಳುವಂತೆ ತೂಕ ಕೂಗಿದ, ಇನ್ನೊಬ್ಬ ಬರೆದುಕೊಂಡ. ಬ್ಯಾಡಗಿಯ ಪೇಟೆಯಲ್ಲಿ ಹಮಾಲರು ಕೂಗುವುದೂ ಹೀಗೆಯೇ, ಚೀಲ ಇಳಿಸುವ ಮೊದಲೇ ಅದರ ತೂಕ ಇಡೀ ಪ್ರಾಂಗಣಕ್ಕೆ ಗೊತ್ತಾಗಿರುತ್ತದೆ. ಅಣ್ಣನ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ಅವಳು ಎಷ್ಟು ಸಲ ಆ ಕೂಗು ಕೇಳಿಲ್ಲ. ಆಗ ಚೀಲಕ್ಕೆ ಹೇಗಾಗುತ್ತದೆ ಎಂದು ಯೋಚಿಸಿರಲಿಲ್ಲ. ಇವತ್ತು ತಕ್ಕಡಿಯಿಂದ ಇಳಿಯುವಾಗ ಸೀರೆಯ ನೆರಿಗೆ ಚಪ್ಪಲಿಗೆ ಸಿಕ್ಕು ಮುಗ್ಗರಿಸಿದಳು. ಯಾರೂ ನಗಲಿಲ್ಲ. ಗುಮಾಸ್ತ ಮಾತ್ರ ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಅಂದ. ಆ ಮಾತು ಈಗಲೂ ಅವಳ ಕಿವಿಯಲ್ಲಿ ಕೂತಿದೆ. ಅರ್ಥ ಗೊತ್ತಿಲ್ಲದ್ದರಿಂದ ಅದು ಏನು ಬೇಕಾದರೂ ಆಗಬಹುದು.

"ಎಂತ ಮಾರಾಯ್ತಿ, ಮುಖ ಹಾಗೆ ಮಾಡಿದ್ದು?" ಪಕ್ಕಕ್ಕೆ ಬಂದು ಕೂತವಳು ಮೈಮುನಾಬಿ. ನಿಲ್ದಾಣದ ಕಸ ಗುಡಿಸುವವಳು, ಅವರ ಮನೆಯ ಹಿಂದಿನ ಮನೆಯವಳು. ಗಂಡ ಬದುಕಿದ್ದಾಗ ಮಂಗಳೂರಿನ ಬಂದರಿನಲ್ಲಿ ಬಹಳ ವರ್ಷ ಇದ್ದುದರಿಂದ ಅವಳಿಗೆ ಅಲ್ಲಿಯ ಕನ್ನಡ ಬರುತ್ತಿತ್ತು. ಈ ದ್ವೀಪದಲ್ಲಿ ವೀರೇಂದ್ರನನ್ನು ಬಿಟ್ಟರೆ ಪುಷ್ಪಲತಾಳೊಂದಿಗೆ ಮಾತಾಡುವ ಬಾಯಿ ಅದೊಂದೇ. "ಅಣ್ಣ ಬರುವುದಲ್ಲವಾ? ನಗಬೇಕು. ನಮ್ಮಲ್ಲಿ ಹೀಗೆ ಕರೆಯಲಿಕ್ಕೆ ಬರುವ ಕ್ರಮ ಇಲ್ಲ. ನಮ್ಮಲ್ಲಿ ಹುಡುಗಿ ತಾಯಿ ಮನೆಯಲ್ಲೇ ಇರುವುದು, ಗಂಡನೇ ಬಂದು ಹೋಗುವುದು."

"ನಮ್ಮ ಕಡೆ ಮದಿವಿ ಆದ ಮೊದಲನೇ ಪಂಚಮಿಗೆ ಬಂದು ಕರೀಬೇಕ್ರಿ," ಎಂದಳು ಪುಷ್ಪಲತಾ. ಬಾಯಿಪಾಠ ಒಪ್ಪಿಸಿದಂತೆ ಕೇಳಿಸಿತು.

"ಈ ಗಾಳಿಯಲ್ಲಿ?" ಮೈಮುನಾಬಿ ಗಾಳಿಚೀಲದ ಕಡೆ ನೋಡಿದಳು. "ಗಟ್ಟಿ ಜನ ನೀವು."

ಗಟ್ಟಿ ಜನ. ಮಳೆಗಾಲಕ್ಕೆ ಹಡಗು ನಿಂತು ತಿಂಗಳುಗಳಾಗಿದ್ದವು. ವಿಮಾನ ಕೊಚ್ಚಿಯಿಂದ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವೀರೇಂದ್ರ ಇದನ್ನೆಲ್ಲ ಯೋಚಿಸಿಯೇ ಅವಳಿಗೊಂದು ಟಿಕೇಟು ಮಾಡಿಸಿದ್ದ. "ನೀ ಒಬ್ಬಾಕಿನ ಹೋಗ. ಮುಂದಿನ ಸಾಲಿನ್ಯಾಗ ಕುಂದ್ರಸಾಕ ಹೇಳ್ತೇನಿ. ಕೊಚ್ಚಿಯೊಳಗ ನಿಮ್ಮ ಅಣ್ಣ ನಿಂತಿರ್ತಾನ. ಕಣ್ಣ ಮುಚ್ಚಿ ತಗಿಯೂದ್ರಾಗ ಮುಟ್ಟಿರ್ತಿ." ಅವಳು ಆಗಲಿ ಎಂದಿದ್ದಳು. ಆ ದಿನವೇ ಜೆಟ್ಟಿಯ ಹತ್ತಿರದ ಎಸ್‌ಟಿಡಿ ಬೂತಿನಿಂದ ಬ್ಯಾಡಗಿಯ ಅಂಗಡಿಗೆ ಫೋನು ಹಚ್ಚಿದಳು. ಅಣ್ಣ ಶಂಭುಲಿಂಗನೂ ಅದನ್ನೇ ಅಂದ, ಕೊಚ್ಚಿಗೆ ಬಂದು ನಿಂದರ್ತೇನಿ, ನೀ ಇಳದ ಬಾ. ಬೂತಿನ ಗಾಜಿನಾಚೆ ಅಲೆಯೊಂದು ಜೆಟ್ಟಿಯ ಮೇಲೆ ಹಾಯ್ದು, ಹಿಂದಕ್ಕೆ ಹೋಗುವಾಗ ಒಂದು ಖಾಲಿ ಬುಟ್ಟಿಯನ್ನು ಎಳೆದುಕೊಂಡು ಹೋಯಿತು. ಅದನ್ನು ನೋಡುತ್ತ ಅವಳ ಬಾಯಿ ತಾನಾಗಿ ಆಡಿತು: "ಇಲ್ಲಣ್ಣಾ, ಇವರ ಮನ್ಯಾಗ ಹಂಗ ನಡಿಯೂದಿಲ್ಲಂತ. ತವರವರು ಮನೀತನಕ ಬಂದು ಕರೀದ ಕಳಸೂದಿಲ್ಲಂತ." ಅತ್ತ ಕಡೆ ಹಮಾಲರು ಒಂದು ಚೀಲದ ತೂಕ ಕೂಗಿದ್ದು ಕೇಳಿಸಿತು. ಆಮೇಲೆ ಅಣ್ಣ, "ಹಂಗಂತಾರ? ಆತು ಬಿಡ, ಬರ್ತೇನಿ. ಮೊದಲನೇ ಪಂಚಮಿ, ನಮ್ಮ ಕಡಿಂದ ಕಡಿಮಿ ಆತು ಅನಬಾರದು" ಎಂದ. ಮನೆಗೆ ಬಂದು ಗಂಡನಿಗೆ, "ನಮ್ಮಣ್ಣ ಹಟ ಹಿಡದಾನ್ರಿ, ತಾನ ಬಂದು ಕರಕೊಂಡು ಹೋಗ್ತಾನಂತ" ಎಂದಳು. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ವೀರೇಂದ್ರ ಉಣ್ಣುವುದನ್ನು ನಿಲ್ಲಿಸಿ, "ಯಾಕ, ನನ್ನ ಮ್ಯಾಲ ನಂಬಿಗಿ ಇಲ್ಲೇನ ಅವಗ?" ಅಂದ.

ಅಣ್ಣ ಅಂಗಡಿಯ ಅಟ್ಟ ಕೂಡ ಹತ್ತದವನು. ಚೀಲ ಪೇರಿಸಿದ ಥಪ್ಪಿ ಎತ್ತರವಾದರೆ ಕೆಳಗೆ ನಿಂತೇ ಆಳುಗಳಿಗೆ ಹೇಳುತ್ತಿದ್ದ. ಬಸ್ಸಿನಲ್ಲಿ ಮುಂದಿನ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದ. ಇದು ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದೂ ಫೋನಿನಲ್ಲಿ ಹಾಗೆ ಅಂದಳು. ಅವಳು ಸಣ್ಣವಳಿದ್ದಾಗ ಕುಮಾರಪಟ್ಟಣದ ಹತ್ತಿರ ಯಾರದೋ ಮದುವೆಗೆ ತುಂಗಭದ್ರೆ ದಾಟಬೇಕಿತ್ತು. ದೋಣಿಯಲ್ಲಿ ಎಲ್ಲರೂ ಕೂತಾಗಿತ್ತು. ಅವಳ ಕಾಲು ದಂಡೆಯ ಕೆಸರಿನಲ್ಲಿ ಊರಿಕೊಂಡು ಮೇಲೇಳಲಿಲ್ಲ. ನೀರು ಕೆಂಪಗಿತ್ತು, ಅಗಲವಾಗಿತ್ತು. ಬಾರಬೇ, ಬಾರಬೇ ಎಂದು ದೋಣಿಯಲ್ಲಿದ್ದ ಹೆಂಗಸರು ನಗತೊಡಗಿದ್ದರು. ಆಗ ಅಣ್ಣ ದೋಣಿಯಿಂದ ಇಳಿದು ಬಂದು, "ನನಗ ತಲಿ ತಿರಗತೈತ್ರಿ, ನೀವು ಹೋಗ್ರಿ, ನಾವು ಸುತ್ತ ಹಾಕಿ ಬಸ್ಸಿಗೆ ಬರ್ತೇವಿ" ಎಂದ. ಹೆಂಗಸರ ನಗು ಅವನ ಮೇಲೆ ತಿರುಗಿತು. ಗಂಡಸಾಗಿ ಅಂಜತಾನ ನೋಡ್ರೆ. ಅವನು ಕಿವಿಯ ಹಿಂದೆ ಕೆರೆದುಕೊಳ್ಳುತ್ತ ನಿಂತ. ಅವಳು ಅವನ ಅಂಗಿಯ ತುದಿ ಹಿಡಿದು ದಾರಿಯುದ್ದಕ್ಕೂ ನಂಬಿದಳು, ಅಂಜಿದವನು ಅವನು, ತಾನಲ್ಲ. ಈಗಲೂ ಅದನ್ನೇ ಮಾಡಿದ್ದಾಳೆ. ತನ್ನ ಅಂಜಿಕೆಯನ್ನು ಅವನ ಹೆಗಲಿಗೆ ಹೊರಿಸಿ, ಮೇಲೊಂದು ಪದ್ಧತಿಯ ಶಾಲು ಹೊದಿಸಿ, ಆ ಮೋಡಗಳ ಒಳಗೆ ಕಳಿಸಿಬಿಟ್ಟಿದ್ದಾಳೆ.

ಸೈರನ್ನು ಕೂಗಿತು. ಓಡುದಾರಿಗೆ ಅಡ್ಡ ಹಾದುಹೋಗುವ ಕಾಲುದಾರಿಯಲ್ಲಿ ಹಗ್ಗ ಕಟ್ಟಿದರು. ಆಚೆ ಕಡೆ ತೆಂಗಿನ ಗರಿಯ ಹೊರೆ ಹೊತ್ತ ಇಬ್ಬರು ಹೆಂಗಸರೂ ಒಂದು ಆಡೂ ನಿಂತುಕೊಂಡರು. ಕೆಂಪು ಗಾಡಿ ತನ್ನ ಮನೆಯಿಂದ ಹೊರಬಂದು ಹುಲ್ಲಿನ ಅಂಚಿನಲ್ಲಿ ನಿಂತಿತು. ಬಾಗಿಲಿಗೆ ಒರಗಿದ ಬೆಳ್ಳಿಯ ಅಂಗಿ ಕಂಡಿತು. ಆಮೇಲೆ ಸದ್ದು. ಮೋಡದೊಳಗಿಂದ ಮೊದಲು ಒಂದು ದೀಪ, ಅದರ ಹಿಂದೆ ರೆಕ್ಕೆಗಳು. ಒಂದು ರೆಕ್ಕೆ ಮೇಲೆ, ಒಂದು ಕೆಳಗೆ, ಹೊರೆ ಜಾಸ್ತಿಯಾದ ಕೂಲಿಯವನ ಹಾಗೆ ಓಲಾಡುತ್ತ ಬಂದಿತು. ಚಕ್ರಗಳು ಓಡುದಾರಿಗೆ ಇನ್ನೇನು ತಾಗಬೇಕು ಎನ್ನುವಾಗ ಗಾಳಿ ಪಕ್ಕದಿಂದ ಗುದ್ದಿತು. ವಿಮಾನ ಮೂಗು ಎತ್ತಿ, ತಲೆಯ ಮೇಲೆಯೇ ಗರ್ಜಿಸಿ ಹೋಯಿತು. ತಗಡು ನಡುಗಿತು. ಸಮುದ್ರದ ಮೇಲೆ ಸಣ್ಣದಾಗಿ, ಮತ್ತೂ ಸಣ್ಣದಾಗಿ, ಮಳೆಯೊಳಗೆ ಮುಳುಗಿತು.

"ಮತ್ತೊಮ್ಮೆ ನೋಡ್ತಾನೆ," ಎಂದಳು ಮೈಮುನಾಬಿ. "ಆಗದಿದ್ದರೆ ಹಿಂದೆ ಕೊಚ್ಚಿಗೆ."

ಹಿಂದಕ್ಕ ಹೋಗಲಿ. ಮನಸ್ಸು ಅಷ್ಟನ್ನೇ ಅಂದಿತು. ಹೋಗಲಿ, ಅಣ್ಣ ಉಳಕೊಳ್ಳಲಿ, ನೆಲ ಮುಟ್ಟಲಿ. ಕೈ ಜೋಡಿಸಿದ್ದಳು, ತುಟಿ ಅಲ್ಲಾಡುತ್ತಿತ್ತು. ನೋಡಿದವರಿಗೆ ಅಣ್ಣನ ಜೀವಕ್ಕಾಗಿ ಬೇಡುವ ತಂಗಿ. ಆದರೆ ಆ ಬೇಡಿಕೆಯ ತಳದಲ್ಲಿ ಇನ್ನೊಂದು ಇತ್ತು. ಅದು ಹೊಲಸಾಗಿತ್ತು, ಮತ್ತು ಅದನ್ನು ಅವಳು ಸ್ಪಷ್ಟವಾಗಿ ಕಂಡಳು. ವಿಮಾನ ಇಳಿದರೆ ಗಂಡನೂ ಅಣ್ಣನೂ ಎದುರುಬದುರು ನಿಲ್ಲುತ್ತಾರೆ. ನಿಂತರೆ ಮಾತಾಡುತ್ತಾರೆ. ಹಿಂದಕ್ಕೆ ಹೋದರೆ ಮಾತಿಲ್ಲ. ಅಣ್ಣ ಬದುಕಲಿ ಎಂದು ಬೇಡುತ್ತಿಲ್ಲ, ತನ್ನ ಸುಳ್ಳು ಬದುಕಲಿ ಎಂದು ಬೇಡುತ್ತಿದ್ದಾಳೆ. ಇಳಿಯದೇ ಇರುವುದಕ್ಕೆ ಕೊಚ್ಚಿಯೊಂದೇ ದಾರಿಯಲ್ಲ, ಕೆಳಗೆ ಸಮುದ್ರವೂ ಇದೆ ಎಂಬುದು ಆಗ ಹೊಳೆಯಿತು. ಹಾಗೆ ಬೇಡಿಲ್ಲ, ನಾ ಹಾಗೆ ಬೇಡಿಲ್ಲ ಎಂದು ಯಾರಿಗೋ ಅವಸರದಿಂದ ಹೇಳಿದಳು. ಜೋಡಿಸಿದ ಕೈಗಳನ್ನು ಬಿಡಿಸಿ ತೊಡೆಯ ಕೆಳಗೆ ಅದುಮಿ ಕೂತಳು.

ಕಾದರು. ಗುಮಾಸ್ತ ಹೊರಗೆ ಬಂದು ಆಕಾಶ ನೋಡಿ ಒಳಗೆ ಹೋದ. ಗಾಡಿಯ ಪಕ್ಕದಲ್ಲಿದ್ದ ವೀರೇಂದ್ರ ಈಗ ಒರಗಿರಲಿಲ್ಲ, ಮೇಲೆ ಹತ್ತಿ ಕೂತು ಟೊಪ್ಪಿಗೆ ಹಾಕಿಕೊಂಡಿದ್ದ. ಅವನು ಟೊಪ್ಪಿಗೆ ಹಾಕಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ಅಷ್ಟು ದೂರದಿಂದ ಅವನಿಗೂ ಮುಖವಿರಲಿಲ್ಲ.

ಎರಡನೆಯ ಸಲ ಸದ್ದು ಇನ್ನೊಂದು ತುದಿಯಿಂದ ಬಂತು. ಅವಳು ಎದ್ದು ನಿಂತಿದ್ದಳು, ಯಾವಾಗ ಎದ್ದಳೋ ತಿಳಿಯದು. ಮೈಮುನಾಬಿಯ ರಟ್ಟೆ ಅವಳ ಕೈಯಲ್ಲಿತ್ತು. ವಿಮಾನ ಅಲೆಗಳ ಮೇಲೆ ತೀರಾ ಕೆಳಗೆ ಬಂತು, ನೆಲಕ್ಕೆ ಬಡಿದು ಒಮ್ಮೆ ಪುಟಿಯಿತು, ಮತ್ತೆ ಬಡಿಯಿತು. ಎರಡೂ ಕಡೆ ನೀರು ಗೋಡೆಯ ಹಾಗೆ ಎದ್ದು ಏನೂ ಕಾಣದಾಯಿತು. ಆ ನೀರಿನೊಳಗಿಂದ ಹೊರಬಂದಾಗ ಅದು ಇನ್ನೂ ಓಡುತ್ತಲೇ ಇತ್ತು. ನಿಲ್ಲಬೇಕಾದ ಕಡೆ ನಿಲ್ಲದೆ, ತಿರುಗಬೇಕಾದ ಕಡೆ ತಿರುಗದೆ, ಸಮುದ್ರದ ಕಡೆಗೆ. ಕೆಂಪು ಗಾಡಿ ಗಂಟೆ ಬಾರಿಸುತ್ತ ಅದರ ಬೆನ್ನು ಹತ್ತಿತು. ಗಾಡಿ ಓಡಿದ್ದನ್ನೂ ಅವಳು ಎಂದೂ ನೋಡಿರಲಿಲ್ಲ. ಎಲ್ಲಿಂದಲೋ ಒಂದು ಸಣ್ಣ ದನಿ ಒಂದೇ ಸಮ ಬರುತ್ತಿತ್ತು, ಮೈಮುನಾಬಿ ಅವಳ ಬಾಯಿಯ ಮೇಲೆ ಕೈಯಿಟ್ಟ ಮೇಲೆ ಅದು ನಿಂತಿತು.

ವಿಮಾನ ಮರಳಿನ ಅಂಚಿನಲ್ಲಿ ನಿಂತುಕೊಂಡಿತ್ತು.

ಬಾಗಿಲು ತೆರೆಯಲು ಹೊತ್ತು ಹಿಡಿಯಿತು. ಒಬ್ಬೊಬ್ಬರಾಗಿ ಇಳಿದರು, ಇಳಿದವರೆಲ್ಲ ಮಳೆಯಲ್ಲಿ ಸುಮ್ಮನೆ ನಿಂತುಕೊಂಡರು. ಕೊನೆಯಲ್ಲಿ ಒಬ್ಬ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಬೆಳ್ಳಿಯ ಅಂಗಿಯವನು ಅವನನ್ನು ಎಬ್ಬಿಸಿ, ರಟ್ಟೆ ಹಿಡಿದು ನಡೆಸಿಕೊಂಡು ಬಂದ. ಹತ್ತಿರ ಬಂದಾಗಲೇ ಪುಷ್ಪಲತಾ ಗುರುತಿಸಿದ್ದು. ಅಣ್ಣನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಗಿಯ ಎದೆಯ ಮೇಲೆ ವಾಂತಿಯಾದ ಕಲೆ. ಆದರೂ ಒಂದು ಕೈಯಲ್ಲಿ ಉಂಡಿಯ ಡಬ್ಬಿಯಿದ್ದ ಚೀಲವನ್ನು ಬಿಡದೆ ಹಿಡಿದಿದ್ದ.

"ಏನ್ ತಂಗೆವ್ವಾ, ನಿಮ್ಮೂರಾಗ ರಸ್ತೆ ಸಮುದ್ರದಾಗ ಹೋಗಿ ಮುಗೀತೈತೇನ?" ಎಂದು ನಗಲು ನೋಡಿದ. ಹಲ್ಲು ಕಟಕಟ ಅನ್ನುತ್ತಿದ್ದವು. "ನೋಡ, ಬಂದೇನಿ."

ಅವಳು ಬಾಗಿ ಅವನ ಕಾಲು ಮುಟ್ಟಿದಳು. ಮೈಮುನಾಬಿ ನೀರು ತಂದು ಕೊಟ್ಟಳು. ವೀರೇಂದ್ರ ಟೊಪ್ಪಿಗೆ ತೆಗೆದು, "ಕುಂದರ್ರಿ ಶಂಭಣ್ಣಾರ, ಇದರೊಳಗ ಹೊಳ್ಳಿ ಹೋಗೂದೈತಿ. ಗಾಳಿನೂ ಚಕ್ರನೂ ನೋಡಿ ಬಿಡ್ತಾರ, ಸ್ವಲ್ಪ ಹೊತ್ತೈತಿ" ಎಂದು ಕುರ್ಚಿ ಎಳೆದ.

ಶಂಭುಲಿಂಗ ಕೂತು, ನೀರು ಕುಡಿದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಉಸಿರು ಹತೋಟಿಗೆ ಬಂದ ಮೇಲೆ ಅವನ ಬೂದಿಬಣ್ಣದ ಮುಖಕ್ಕೆ ಸ್ವಲ್ಪ ರಕ್ತ ಬಂತು, ರಕ್ತದ ಜೊತೆ ಸಿಟ್ಟೂ ಬಂತು. "ಪದ್ಧತಿ ಭಾಳ ಗಟ್ಟಿ ಬಿಡ್ರಿ ನಿಮ್ಮನ್ಯಾಗ, ಅಳಿಯಾರ," ಎಂದ. "ನಮ್ಮ ಮುತ್ಯಾ ಚಕ್ಕಡಿ ಹೂಡಿಕೊಂಡು ಕರಿಯಾಕ ಹೋಗತಿದ್ದನಂತ. ನಮ್ಮ ಪಾಳಿಗೆ ವಿಮಾನ ಹೂಡಬೇಕಾತು."

ವೀರೇಂದ್ರನ ಹುಬ್ಬು ಮೇಲೇರಿತು. "ಹೂಡ್ರಿ ಅಂದವ್ರು ಯಾರ್ರಿ? ನಾ ಟಿಕೇಟ್ ಮಾಡಿಸಿ ಇಟ್ಟಿದ್ದೆ. ನೀವು ಕೊಚ್ಚಿಯೊಳಗ ನಿಂತಿದ್ರ ಆಗತಿತ್ತು. ತಂಗೀನ ಒಬ್ಬಾಕಿನ್ನ ಕಳಸಾಕ ನಮ್ಮ ಮ್ಯಾಲ ನಿಮಗ ನಂಬಿಗಿ ಇರಲಿಲ್ಲ, ಅಷ್ಟ."

"ನಂಬಿಗೀ?" ಶಂಭುಲಿಂಗ ಎದ್ದ, ತಲೆ ತಿರುಗಿದಂತಾಗಿ ಮತ್ತೆ ಕೂತ. "ಮನೀತನಕ ಬಂದು ಕರೀದ ಕಳಸೂದಿಲ್ಲ ಅಂತ ನನಗ ನಾನ ಹೇಳಿಕೊಂಡೇನೇನ್ರಿ? ಮೂರು ದಿನಾ ಅಂಗಡಿ ಮುಚ್ಚಿ ಬಂದೇನಿ. ಮ್ಯಾಲ ದೇವರ ಹೆಸರ ಹೇಳಾಕ ಬಾಯಿ ಬರಲಿಲ್ಲ ನನಗ, ಗೊತ್ತೈತೇನ? ಇರ್ಲಿ. ಪಂಚಮಿ ಆದಮ್ಯಾಲ ನೀವೂ ಹಿಂಗ ಬರ್ರಿ. ನೀವ ಬ್ಯಾಡಗಿಗೆ ಬಂದು ಕರೀರಿ. ಅಲ್ಲೀತನಕ ನಾವೂ ಕಳಸೂದಿಲ್ಲ."

"ಮಳಿಗಾಲ ಮುಗಿಯೂತನಕ ನನಗ ರಜಾ ಇಲ್ರಿ."

"ಹಂಗಾರ ಅಲ್ಲೇ ಇರ್ತಾಳ."

ಮಾತು ಅವಳ ತಲೆಯ ಮೇಲಿಂದ ಆ ಕಡೆ ಈ ಕಡೆ ಹೋಗುತ್ತಿತ್ತು. ಭಾಷೆ ತಿಳಿಯದ ಸುತ್ತಲಿನವರೂ ತಿರುಗಿ ನೋಡುತ್ತಿದ್ದರು. ಭಾಷೆ ತಿಳಿಯುವ ಮೈಮುನಾಬಿ ನೆಲ ನೋಡುತ್ತಿದ್ದಳು. ಪುಷ್ಪಲತಾ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಇವರು ಹೀಗೇ ಸಿಟ್ಟಿನಲ್ಲಿ ಉಳಿದರೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ವಿಮಾನ ಹತ್ತಬಹುದು, ಹೋಗಬಹುದು. ಬ್ಯಾಡಗಿಯ ಮನೆಯ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿರುತ್ತಾರೆ. ಅದರ ಮೇಲೆ ಕೂತವಳನ್ನು ಓಣಿಯವರು ಕೇಳುತ್ತಾರೆ, ಗಂಡನ ಮನಿಯವರು ಕರಿಯಾಕ ಬರಲಿಲ್ಲೇನವ್ವಾ? ಮಳೆಗಾಲ ಮುಗಿದರೂ ಕೇಳುತ್ತಾರೆ. ಅವಳು ಜೋಕಾಲಿಯ ಹಗ್ಗ ಹಿಡಿದು, ಇಲ್ಲ, ಬರಲಿಲ್ಲ ಎನ್ನುತ್ತಾಳೆ. ಅದೂ ಸುಳ್ಳಾಗಿರುವುದಿಲ್ಲ.

ಅಷ್ಟರಲ್ಲಿ ವೀರೇಂದ್ರನ ಮುಖ ಬದಲಾಯಿತು. ಸಿಟ್ಟು ಹೋಗಿ ಅಲ್ಲಿ ಒಂದು ಅನುಮಾನ ಬಂದು ಕೂತಿತು. ಅದರ ಹಿಂದೆಯೇ ನಾಚಿಕೆ. ಅವನು ಅವಳ ಕಡೆ ತಿರುಗಿ ದನಿ ತಗ್ಗಿಸಿದ. "ನಮ್ಮವ್ವ ಏನಾರ ಅಂದ್ಲೇನ ಪುಷ್ಪಾ? ರಾಣೆಬೆನ್ನೂರಿಗೆ ಫೋನ್ ಹಚ್ಚಿದಾಗ ಹೇಳಿದ್ಲೇನ? ಖರೇ ಹೇಳ. ಅಕೀದ ಇರಬೇಕಿದು ಪದ್ಧತಿ ಗಿದ್ದತಿ. ಇವತ್ತ ಸಂಜಿಗೆ ಫೋನ್ ಹಚ್ಚಿ ಬೈತೇನಿ ಅಕಿಗೆ."

ತಪ್ಪಿಸಿಕೊಳ್ಳಲು ಬಾಗಿಲು ತಾನಾಗಿ ತೆರೆದಿತ್ತು. ಬಾಯಿ ಬಿಡುವ ಅಗತ್ಯವೂ ಇರಲಿಲ್ಲ, ತಲೆ ಅಷ್ಟು ಆಡಿಸಿದರೆ ಸಾಕು. ಅತ್ತೆ ದೂರದಲ್ಲಿದ್ದಾಳೆ, ಇಲ್ಲ ಎಂದು ಕೂಗಿದರೂ ಇಲ್ಲಿಗೆ ಕೇಳಿಸುವುದಿಲ್ಲ. ಮುದುಕಿ ಅಂದಿರಬಹುದು, ಅಂದು ಮರೆತಿರಬಹುದು ಎಂದು ಎಲ್ಲರೂ ನಂಬುತ್ತಾರೆ. ಮದುವೆಯಾಗಿ ಇಲ್ಲಿಗೆ ಬರಲು ಹಡಗು ಹತ್ತುವ ಮೊದಲು ಸಿದ್ದವ್ವ ಅವಳ ಸೆರಗಿನ ತುದಿಗೆ ನಿಂಬೆಹಣ್ಣು ಕಟ್ಟಿ, ವಾಕರಿಕಿ ಬಂದ್ರ ಮೂಸಿ ನೋಡು, ಯಾರಿಗೂ ಹೇಳಬ್ಯಾಡ, ನನಗೂ ಬಸ್ಸಿನ್ಯಾಗ ಹಿಂಗ ಆಗತೈತಿ ಎಂದಿದ್ದಳು. ತಲೆ ಕೆಳಗಿಳಿಯಲು ಶುರುವಾದದ್ದು ಪುಷ್ಪಲತಾಳಿಗೇ ತಿಳಿಯಿತು. ದೋಣಿಯಿಂದ ಇಳಿದು ಬಂದ ಅಣ್ಣನಾದ ಮೇಲೆ ಈಗ ಅತ್ತೆ. ಅವಳ ಅಂಜಿಕೆಯನ್ನು ಹೊರಲು ಜನ ಯಾವಾಗಲೂ ಸಿಗುತ್ತಲೇ ಇದ್ದರು.

ಹೊರಗೆ ವಿಮಾನವನ್ನು ತಳ್ಳಿ ತಿರುಗಿಸುತ್ತಿದ್ದರು. ಗುಮಾಸ್ತ ಬಾಗಿಲಲ್ಲಿ ನಿಂತು ಕೈ ತಟ್ಟಿ ಕರೆದ. ಅಣ್ಣ ವಿಮಾನದ ಕಡೆ ನೋಡಿ ಉಗುಳು ನುಂಗಿದ, ನುಂಗಿದ್ದು ಯಾರಿಗೂ ಕಾಣದಿರಲೆಂದು ಮುಖ ತಿರುಗಿಸಿ, ಚೀಲ ಎತ್ತಿಕೊಂಡು, "ನಡಿಯವ್ವಾ, ಹೋಗೂಣು" ಎಂದ. ಗಂಡ ಇನ್ನೂ ಅವಳ ತಲೆ ಅಲ್ಲಾಡುವುದನ್ನೇ ಕಾಯುತ್ತಿದ್ದ.

"ಅತ್ತಿಯಾರು ಏನೂ ಅಂದಿಲ್ರಿ," ಎಂದಳು. ದನಿ ಎಷ್ಟು ಜೋರಾಗಿ ಬಂತೆಂದರೆ ಗುಮಾಸ್ತನೂ ಕೈ ತಟ್ಟುವುದನ್ನು ನಿಲ್ಲಿಸಿದ. "ಯಾರೂ ಅಂದಿಲ್ಲ. ಅಣ್ಣಾ, ಇವರು ಹಟ ಹಿಡದಿಲ್ಲ. ರೀ, ಅಣ್ಣನೂ ಹಿಡದಿಲ್ಲ. ಇಬ್ಬರಿಗೂ ನಾನ ಸುಳ್ಳ ಹೇಳೇನಿ. ಒಬ್ಬಾಕಿನ ಅದರಾಗ ಕುಂದ್ರಾಕ ನನಗ ಅಂಜಿಕಿ ಬಂದಿತ್ತು." ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಆಡಿದ್ದು ಇನ್ನೂ ಪೂರ್ತಿಯಾಗಿರಲಿಲ್ಲ, ಅವಳು ಉಸಿರೆಳೆದುಕೊಂಡಳು. "ಈಗೂ ಬರಾಕತ್ತೈತಿ."